ಯಾವ್ದು ಮೊದ್ಲು ನೋಡ್ಲಿ, ಮಾಮ?

ಏಪ್ರಿಲ್ ರಜೆಗೆ ಅಕ್ಕನ ಮಗ ಊರಿಂದ ಬೆಂಗಳೂರಿಗೆ ಬಂದಿದ್ದ. ಹದಿಮೂರು ವರ್ಷ. ಬ್ಯಾಗು ಸೋಫಾ ಮೇಲೆ ಎಸೆದವನೇ ಕೇಳಿದ: "ಮಾಮ, ಈ ಸಲ ಮಾರ್ವೆಲ್ ಪೂರ್ತಿ ನೋಡಿ ಮುಗಿಸ್ಬೇಕು. ಯಾವ್ದು ಮೊದ್ಲು ನೋಡ್ಲಿ?"

ಇಂಥ ಪ್ರಶ್ನೆಗೆ ಕಾಯ್ತಾ ಇರೋ ಜನ ನಾವು. ಆಫೀಸಲ್ಲಿ ಯಾರೂ ನಮ್ಮನ್ನು ಇಷ್ಟು ಗೌರವದಿಂದ ಏನನ್ನೂ ಕೇಳೋದಿಲ್ಲ. ರಾತ್ರಿ ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು ಒಂದು ಶೀಟ್ ಮಾಡಿದೆ. 2008ರ 'ಐರನ್ ಮ್ಯಾನ್'ನಿಂದ 2019ರ 'ಸ್ಪೈಡರ್‌ಮ್ಯಾನ್: ಫಾರ್ ಫ್ರಮ್ ಹೋಮ್'ವರೆಗೆ 23 ಸಿನಿಮಾ. ಹತ್ತಿರ ಹತ್ತಿರ ಐವತ್ತು ಗಂಟೆ. ರಜೆ ಇದ್ದಿದ್ದು ಮೂರು ವಾರ. ಲೆಕ್ಕ ಸರಿಯಾಗಿ ಕೂರುತ್ತಿತ್ತು. ಆದರೆ ಶೀಟಿನ ಎರಡನೇ ಸಾಲಿಗೆ ಬರುವಷ್ಟರಲ್ಲೇ ಸಿಕ್ಕಿಹಾಕಿಕೊಂಡೆ.

(ಮುಂದೆ ಓದುವ ಮೊದಲು ಒಂದು ಮಾತು. ಈ ಲೇಖನದಲ್ಲಿ ಆ ಸಿನಿಮಾಗಳ ಕತೆ ಬರುತ್ತೆ, ಕೊನೆಯೂ ಬರುತ್ತೆ. ಇನ್ನೂ ನೋಡಿಲ್ಲ, ನೋಡುವ ಆಸೆ ಇದೆ ಅನ್ನುವವರು ಇಲ್ಲೇ ನಿಲ್ಲಿಸಬಹುದು. ಬೇಜಾರಿಲ್ಲ.)

ಗೊತ್ತಿರುವವರಿಗೆ ಗೊತ್ತು, ದಾರಿ ಎರಡಿವೆ. ಒಂದು, ಸಿನಿಮಾಗಳು ಬಿಡುಗಡೆಯಾದ ಕ್ರಮ. ಇನ್ನೊಂದು, ಕತೆಯೊಳಗೆ ಘಟನೆಗಳು ನಡೆದ ಕ್ರಮ. 'ಕ್ಯಾಪ್ಟನ್ ಅಮೆರಿಕ: ದಿ ಫಸ್ಟ್ ಅವೆಂಜರ್' ಬಂದಿದ್ದು 2011ರಲ್ಲಿ, ಆದರೆ ಅದರ ಕತೆ ಎರಡನೇ ಮಹಾಯುದ್ಧದ ಕಾಲದ್ದು. 'ಕ್ಯಾಪ್ಟನ್ ಮಾರ್ವೆಲ್' ಬಂದಿದ್ದು 2019ರಲ್ಲಿ, ಕತೆ ನಡೆಯೋದು 1995ರಲ್ಲಿ. ಕಾಲಾನುಕ್ರಮದಲ್ಲಿ ಹೋದರೆ ಇವೆರಡೂ ಮೊದಲು ಬರುತ್ತವೆ, 'ಐರನ್ ಮ್ಯಾನ್' ಮೂರನೆಯದಾಗುತ್ತೆ. ಡಿಸ್ನಿ ಪ್ಲಸ್‌ನಲ್ಲಿ ಟೈಮ್‌ಲೈನ್ ಪ್ರಕಾರ ಜೋಡಿಸಿದ ಸಾಲೇ ಇದೆ. 2023ರಲ್ಲಿ ಮಾರ್ವೆಲ್‌ನ ಅಧಿಕೃತ ಟೈಮ್‌ಲೈನ್ ಪುಸ್ತಕವೂ ಬಂತು.

ಇಂಜಿನಿಯರ್ ಬುದ್ಧಿಗೆ ಎರಡನೆಯದೇ ಸರಿ ಅನ್ಸುತ್ತೆ. ಮೊದಲು ಕಾರಣ, ಆಮೇಲೆ ಪರಿಣಾಮ. ಯಾವುದು ಮೊದಲು ಆಯಿತೋ ಅದನ್ನು ಮೊದಲು ಹೇಳು. ಇದರಲ್ಲಿ ಯೋಚನೆ ಮಾಡೋಕೆ ಏನಿದೆ?

ಇದೆ. 'ಫಸ್ಟ್ ಅವೆಂಜರ್' ಎಲ್ಲಕ್ಕಿಂತ ಹಳೆಯ ಕತೆ ಅಂತ ಹಾಕಿದರೆ, ಅದರ ಮೊದಲ ದೃಶ್ಯವೇ ಇವತ್ತಿನದು: ಆರ್ಕ್ಟಿಕ್ ಹಿಮದೊಳಗೆ ಹೂತುಹೋದ ವಿಮಾನ ಸಿಗುತ್ತೆ, ಆಮೇಲೆ ಕತೆ 1942ಕ್ಕೆ ಹೋಗುತ್ತೆ. ಎರಡನೆಯದಾಗಿ 'ಕ್ಯಾಪ್ಟನ್ ಮಾರ್ವೆಲ್' ಹಾಕಿದರೆ, ಕ್ರೆಡಿಟ್ಸ್ ನಡುವಿನ ತುಣುಕಿನಲ್ಲಿ 'ಇನ್ಫಿನಿಟಿ ವಾರ್' ಮುಗಿದ ಮೇಲಿನ ಸ್ಥಿತಿ ಕಾಣುತ್ತೆ. ಉಳಿದ ಅವೆಂಜರ್ಸ್ ಸುಮ್ಮನೆ ನಿಂತು ಕಳೆದುಹೋದವರ ಲೆಕ್ಕ ನೋಡ್ತಾ ಇರ್ತಾರೆ. ಟೋನಿ ಸ್ಟಾರ್ಕ್ ಯಾರು ಅಂತಾನೇ ಗೊತ್ತಿಲ್ಲದ ಹುಡುಗನಿಗೆ ಎರಡನೇ ದಿನವೇ ಅರ್ಧ ಲೋಕ ಖಾಲಿಯಾದ ಸುದ್ದಿ! ಹೋಗಲಿ, ತಯಾರಿಸಿದವರಿಗಾದರೂ ಲೆಕ್ಕ ಸರಿ ಇತ್ತಾ ಅಂದ್ರೆ, 'ಸ್ಪೈಡರ್‌ಮ್ಯಾನ್: ಹೋಮ್‌ಕಮಿಂಗ್'ನಲ್ಲಿ 2012ರ ನ್ಯೂಯಾರ್ಕ್ ಯುದ್ಧದ ನಂತರ 'ಎಂಟು ವರ್ಷಗಳ ಬಳಿಕ' ಅಂತ ತೋರಿಸಿಬಿಟ್ಟಿದ್ದಾರೆ. ಉಳಿದ ಸಿನಿಮಾಗಳ ಪ್ರಕಾರ ಅದು ನಾಲ್ಕೇ ವರ್ಷ ಆಗಬೇಕು. ಕಾಲಾನುಕ್ರಮ ಅನ್ನೋದು ಆಮೇಲೆ ಕೂತು ಹೊಲಿದ ಅಂಗಿ. ಒಂದೆರಡು ಕಡೆ ಹೊಲಿಗೆ ಬಿಟ್ಟಿದೆ.

ಇದು ಬಿಡಿ, ತಾಂತ್ರಿಕ ದೋಷ. ನಿಜವಾದ ತೊಡಕು ನಿಕ್ ಫ್ಯೂರಿಯ ಕಣ್ಣು.

ಫ್ಯೂರಿ ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡೇ ನಮಗೆ ಪರಿಚಯ ಆಗ್ತಾನೆ. 2014ರ 'ವಿಂಟರ್ ಸೋಲ್ಜರ್'ನಲ್ಲಿ, ಹಿಂದೆ ಒಬ್ಬರನ್ನು ನಂಬಿದ್ದಕ್ಕೆ ಆ ಕಣ್ಣು ಹೋಯಿತು ಅನ್ನೋ ಅರ್ಥದಲ್ಲಿ ಹೇಳ್ತಾನೆ. ಥಿಯೇಟರಲ್ಲಿ ಕೂತಿದ್ದ ನಮಗೆ ಏನೋ ಭಯಂಕರ ದ್ರೋಹದ ಕತೆ ಇರಬೇಕು ಅನ್ನಿಸಿತ್ತು. ಐದು ವರ್ಷ ಆದ ಮೇಲೆ 'ಕ್ಯಾಪ್ಟನ್ ಮಾರ್ವೆಲ್' ತೋರಿಸುತ್ತೆ: ಆತ ನಂಬಿದ್ದು ಒಂದು ಬೆಕ್ಕನ್ನು. ನೋಡೋಕೆ ಬೆಕ್ಕು, ಅಸಲಿಗೆ ಅನ್ಯಗ್ರಹದ ಪ್ರಾಣಿ. ಅದು ಪರಚಿತ್ತು.

ಬಿಡುಗಡೆ ಕ್ರಮದಲ್ಲಿ ನೋಡಿದವನಿಗೆ ಮೊದಲು ಗಾಂಭೀರ್ಯ, ಐದು ವರ್ಷದ ನಂತರ ನಗು. ಕಾಲಾನುಕ್ರಮದಲ್ಲಿ ನೋಡಿದವನಿಗೆ ಮೊದಲು ಬೆಕ್ಕು. ಆಮೇಲೆ ಫ್ಯೂರಿ ಮುಖ ಗಂಟಿಕ್ಕಿ ಆ ಮಾತು ಹೇಳುವಾಗ, ಅಯ್ಯೋ, ಈತ ಬಿಲ್ಡಪ್ ಕೊಡ್ತಿದಾನೆ ಅಂತ ಗೊತ್ತಾಗುತ್ತೆ. ಘಟನೆ ಒಂದೇ, ಮಾತೂ ಅದೇ. ಆದರೆ ಇಬ್ಬರ ಮನಸ್ಸಿನಲ್ಲಿ ಇರೋದು ಇಬ್ಬರು ಬೇರೆ ಬೇರೆ ಫ್ಯೂರಿಗಳು.

'ಬ್ಲ್ಯಾಕ್ ವಿಡೋ' ಇನ್ನೂ ಕಷ್ಟ. ನತಾಶಾ 'ಎಂಡ್‌ಗೇಮ್'ನಲ್ಲಿ ಸಾಯ್ತಾಳೆ. ಅವಳದ್ದೇ ಸಿನಿಮಾ ಬಂದಿದ್ದು ಅದಾಗಿ ಎರಡು ವರ್ಷಕ್ಕೆ, 2021ರಲ್ಲಿ. ಕತೆ ಮಾತ್ರ 2016ರ 'ಸಿವಿಲ್ ವಾರ್' ಮುಗಿದ ಕೂಡಲೇ ನಡೆಯೋದು. ನಾವು ಅದನ್ನು ನೋಡಿದಾಗ ಅವಳ ಪ್ರತಿ ನಗುವಿನ ಹಿಂದೆ ಅವಳ ಸಾವು ಇತ್ತು. ಕಾಲಾನುಕ್ರಮದವರಿಗೆ ಅದು ಇರೋದಿಲ್ಲ. ಅವರು ಅವಳನ್ನು ಬದುಕಿರುವವಳ ಹಾಗೇ ನೋಡ್ತಾರೆ. ಯಾರು ಅವಳನ್ನು ಸರಿಯಾಗಿ ನೋಡಿದರು? ನನಗೆ ಉತ್ತರ ಹೊಳೀಲಿಲ್ಲ. ಒಂದು ಕ್ರಮದಲ್ಲಿ ಬೆರಗು ಸಿಗುತ್ತೆ, ಇನ್ನೊಂದರಲ್ಲಿ ತಿಳಿವಳಿಕೆ. ಎರಡೂ ಒಟ್ಟಿಗೆ ಸಿಗೋದಿಲ್ಲ. ಯಾವುದೇ ಸಿನಿಮಾವನ್ನು ಮೊದಲ ಸಲ ನೋಡೋದು ಒಂದೇ ಸಲ.

ಹಾಗಾಗಿ ಶೀಟು ಮುಚ್ಚಿ, ಬೆಳಿಗ್ಗೆ ಎರಡೂ ದಾರಿ ವಿವರಿಸಿ ಹುಡುಗನನ್ನೇ ಕೇಳಿದೆ. ಅವನು ಬಿಸ್ಕತ್ತು ಚಹಾದಲ್ಲಿ ಅದ್ದುತ್ತಾ ಹೇಳಿದ: "ನೀನು ನೋಡ್ದಂಗೇ ನೋಡ್ತೀನಿ. ಟೋನಿ ಸಾಯ್ತಾನೆ ಅಂತ ನಂಗೆ ಗೊತ್ತು. ರೀಲ್ಸಲ್ಲಿ ನೋಡಿದೀನಿ. ಯಾಕೆ ಸಾಯ್ತಾನೆ ಅಂತ ಗೊತ್ತಿಲ್ಲ."

2019ರಲ್ಲಿ 'ಎಂಡ್‌ಗೇಮ್' ಬಂದಾಗ, ದಯವಿಟ್ಟು ಕತೆ ಬಿಟ್ಟುಕೊಡಬೇಡಿ ಅಂತ ನಿರ್ದೇಶಕರು ಪ್ರೇಕ್ಷಕರಿಗೆ ಬಹಿರಂಗ ಪತ್ರ ಬರೆದಿದ್ದರು. ಆಫೀಸಲ್ಲಿ ಟೀಮಿನವರೆಲ್ಲ ಟಿಕೆಟ್ ಸಿಗುವವರೆಗೆ ಹೆಡ್‌ಫೋನ್ ಹಾಕಿಕೊಂಡು ಓಡಾಡಿದ್ದೆವು. ಅಷ್ಟು ಜೋಪಾನ ಮಾಡಿದ್ದ ಗುಟ್ಟು ಈ ಹುಡುಗನಿಗೆ ಮೂವತ್ತು ಸೆಕೆಂಡಿನ ರೀಲಲ್ಲಿ ಸಿಕ್ಕಿದೆ, ಅವನಿಗೆ ಅದರ ಬೇಸರವೂ ಇಲ್ಲ. ಮೊದಲು ಪಾಪ ಅನ್ನಿಸಿತು. ಆಮೇಲೆ ನೆನಪಾಯಿತು, ನಾನು ಇವನಷ್ಟಿದ್ದಾಗ ನೋಡಿದ ಕತೆಗಳೆಲ್ಲ ಹಾಗೇ ಇದ್ದವು. ಊರಿಗೆ ಮೇಳ ಬಂದರೆ ಯಕ್ಷಗಾನ ನೋಡೋಕೆ ಹೋಗ್ತಿದ್ದೆವು. ಈ ವರ್ಷ ಕರ್ಣಪರ್ವ, ಮುಂದಿನ ವರ್ಷ ದ್ರೌಪದಿ ಸ್ವಯಂವರ. ಕರ್ಣ ಸಾಯ್ತಾನೆ ಅಂತ ಗದ್ದೆಯಲ್ಲಿ ಚಾಪೆ ಹಾಸಿ ಕೂತ ಪ್ರತಿಯೊಬ್ಬರಿಗೂ ಗೊತ್ತಿತ್ತು. ಯಾವುದು ಮೊದಲು ನೋಡಬೇಕು ಅಂತ ಯಾರೂ ಕೇಳಿದ್ದು ಕಾಣೆ.

ಸರಿ, ಬಿಡುಗಡೆ ಕ್ರಮ ಅಂತಾಯಿತು. ದಿನಕ್ಕೊಂದು, ಭಾನುವಾರ ಎರಡು. ಹನ್ನೆರಡನೇ ದಿನ ಹದಿಮೂರನೇ ಸಿನಿಮಾ 'ಸಿವಿಲ್ ವಾರ್'ಗೆ ಬಂದೆವು. ನಾನು ಇದನ್ನು ನಾಲ್ಕೈದು ಸಲ ನೋಡಿದ್ದೆ. ಇದು ಹೀರೋಗಳು ಎರಡು ಬಣ ಆಗಿ ಹೊಡೆದಾಡುವ ಸಿನಿಮಾ ಅಂತಲೇ ತಿಳಿದಿದ್ದೆ. ಆ ರಾತ್ರಿ ಬೇರೆ ಏನೋ ಕಂಡಿತು.

ಕತೆ ಗೊತ್ತಲ್ಲ. 1991ರ ಡಿಸೆಂಬರ್ 16ರ ರಾತ್ರಿ ಟೋನಿಯ ಅಪ್ಪ ಅಮ್ಮ ಕಾರು ಅಪಘಾತದಲ್ಲಿ ಸತ್ತರು ಅಂತ ಅವನು ನಂಬಿರ್ತಾನೆ. ಅಸಲಿಗೆ ಅವರನ್ನು ಕೊಂದಿದ್ದು ಬಕಿ. ಸ್ಟೀವ್ ರೋಜರ್ಸ್‌ನ ಬಾಲ್ಯದ ಗೆಳೆಯ. ಹೈಡ್ರಾದವರು ಅವನ ತಲೆ ಕೆಡಿಸಿ ಕೊಲೆಗಾರನನ್ನಾಗಿ ಮಾಡಿರ್ತಾರೆ. ಆ ಸಾವಿನ ಹಿಂದೆ ಹೈಡ್ರಾ ಇತ್ತು ಅನ್ನೋದು ಸ್ಟೀವ್‌ಗೆ 'ವಿಂಟರ್ ಸೋಲ್ಜರ್' ಹೊತ್ತಿಗೇ ಗೊತ್ತಾಗಿರುತ್ತೆ. ಟೋನಿಗೆ ಹೇಳಿರೋದಿಲ್ಲ. ಕೊನೆಗೆ ಜೀಮೋ ಅನ್ನೋವನು ಸೈಬೀರಿಯಾದ ಒಂದು ಹಳೇ ನೆಲೆಯಲ್ಲಿ ಮೂವರನ್ನೂ ಒಟ್ಟಿಗೆ ನಿಲ್ಲಿಸಿ ಆ ರಾತ್ರಿಯ ವಿಡಿಯೋ ಹಾಕ್ತಾನೆ. ಟೋನಿ ನೋಡಿ ಮುಗಿಸಿ ಸ್ಟೀವ್ ಕಡೆ ತಿರುಗಿ ಕೇಳೋದು ಒಂದೇ ಪ್ರಶ್ನೆ: ನಿನಗೆ ಗೊತ್ತಿತ್ತಾ?

ಸ್ಟೀವ್ ಮೊದಲು ಜಾರಿಕೊಳ್ತಾನೆ. ಆಮೇಲೆ ಹೌದು ಅಂತಾನೆ. ಹೊಡೆದಾಟ ಶುರು.

ಆ ನೆಲೆಯಲ್ಲಿ ಜೀಮೋ ಒಂದು ಸುಳ್ಳೂ ಹೇಳಲಿಲ್ಲ, ಗಮನಿಸಿ. ಅಲ್ಲಿ ಅವನ ಹತ್ತಿರ ಇದ್ದಿದ್ದು ಸತ್ಯ ಮಾತ್ರ. ಅದನ್ನು ಯಾವಾಗ ಹೇಳಬೇಕು ಅನ್ನೋದನ್ನು ಅವನು ಆರಿಸಿಕೊಂಡ, ಅವೆಂಜರ್ಸ್ ಒಡೆಯೋಕೆ ಅಷ್ಟು ಸಾಕಾಯಿತು. ಆ ಅವಕಾಶ ಅವನಿಗೆ ಸಿಕ್ಕಿದ್ದು ಹೇಳಬೇಕಾದವನು ಹೇಳದೇ ಇದ್ದದ್ದರಿಂದ.

ಹುಡುಗ ಟಿವಿ ನೋಡ್ತಾನೇ ಕೇಳಿದ: "ಮೊದ್ಲೇ ಹೇಳಿದ್ರೆ ಜಗಳಾನೇ ಇರ್ತಿರ್ಲಿಲ್ಲ ಅಲ್ವಾ ಮಾಮ?"

"ಬಹುಶಃ" ಅಂದೆ. ನೀರು ಕುಡಿಯೋ ನೆಪ ಮಾಡಿ ಅಡುಗೆಮನೆಗೆ ಹೋದೆ.

ನಾನು ಬಿಇ ಐದನೇ ಸೆಮಿಸ್ಟರಲ್ಲಿದ್ದಾಗ ಅಜ್ಜಿ ತೀರಿಕೊಂಡಳು. ನಾನು ಬೆಳೆದಿದ್ದೇ ಅವಳ ಮಗ್ಗುಲಲ್ಲಿ. ಆಗ ಎರಡು ಪೇಪರ್ ಬಾಕಿ ಇತ್ತು. ಮನೆಯವರು ಹೇಳಲಿಲ್ಲ. ಹುಡುಗ ಓದೋದು ಕೆಡುತ್ತೆ, ಮುಗಿಸಿಕೊಂಡು ಬರಲಿ. ಆ ದಿನಗಳಲ್ಲಿ ನಾನು ರಾತ್ರಿ ಹಾಸ್ಟೆಲಿಂದ ಫೋನ್ ಮಾಡ್ತಿದ್ದೆ. "ಅಜ್ಜಿ ಹೇಗಿದಾಳೆ?" ಅಂದರೆ ಅಪ್ಪ "ಮಲಗಿದಾಳೆ" ಅಂತಿದ್ದರು. ಪರೀಕ್ಷೆ ಮುಗಿಸಿ, ಮೆಜೆಸ್ಟಿಕ್‌ನಲ್ಲಿ ಅವಳಿಗೆ ಅಂತ ಒಂದು ಸ್ಟೀಲಿನ ಎಲೆಅಡಿಕೆ ಡಬ್ಬಿ ತಗೊಂಡು ಊರಿಗೆ ಹೋದೆ. ಅಂಗಳದಲ್ಲಿ ಚಪ್ಪರ ಇತ್ತು. ಅವಳು ಹೋಗಿ ಎಂಟು ದಿನ ಆಗಿತ್ತು.

ಬಾಗಿಲಲ್ಲಿ ಅಕ್ಕ ನಿಂತಿದ್ದಳು. ನಾನು ಅವಳಿಗೆ ಕೇಳಿದ್ದೂ ಅದೇ. "ನಿಂಗೂ ಗೊತ್ತಿತ್ತಾ?"

ಆ ಎರಡೂ ಪೇಪರ್ ಪಾಸಾದೆ. ಹೇಳಿದ್ದರೆ ಆಗ್ತಿರಲಿಲ್ಲವೇನೋ. ಅಪ್ಪನ ಲೆಕ್ಕ ತಪ್ಪು ಅಂತ ಸಾಬೀತು ಮಾಡೋಕೆ ನನ್ನ ಹತ್ತಿರ ಇವತ್ತಿಗೂ ಏನೂ ಇಲ್ಲ. ಆದರೂ ಆ ಎಂಟು ದಿನ ಗಂಟಲಲ್ಲಿ ಸಿಕ್ಕಿಕೊಂಡೇ ಇದೆ. ಅಜ್ಜಿ ಹೋದದ್ದಕ್ಕೆ ಅತ್ತೆ, ಅದು ಮುಗೀತು. ಅವಳು ಇಲ್ಲದ ಲೋಕದಲ್ಲಿ, ಅವಳು ಇದ್ದಾಳೆ ಅಂದುಕೊಂಡು ಡಬ್ಬಿಗೆ ಚೌಕಾಸಿ ಮಾಡಿದ್ದು ಮಾತ್ರ ಮುಗಿಯೋದಿಲ್ಲ.

ನಮ್ಮ ಕೆಲಸದಲ್ಲಿ ಸರ್ವರ್ ಬಿದ್ದರೆ ಆಮೇಲೆ ಒಂದು ವರದಿ ಬರೀಬೇಕಾಗುತ್ತೆ. ಬರೆದವರಿಗೆ ಗೊತ್ತು, ಅದರಲ್ಲಿ ಮೂರು ಸಮಯ ಇರುತ್ತೆ. ತೊಂದರೆ ಯಾವಾಗ ಶುರುವಾಯಿತು. ನಮಗೆ ಯಾವಾಗ ಗೊತ್ತಾಯಿತು. ಗ್ರಾಹಕರಿಗೆ ಯಾವಾಗ ಹೇಳಿದೆವು. ಮೊದಲ ಎರಡರ ನಡುವಿನ ಅಂತರಕ್ಕೆ ಜನ ಕ್ಷಮಿಸ್ತಾರೆ. ಯಂತ್ರ ಅಂದ ಮೇಲೆ ಕೆಡುತ್ತೆ, ಗೊತ್ತಾಗೋಕೆ ಹೊತ್ತು ಹಿಡಿಯುತ್ತೆ. ಎರಡನೆಯದಕ್ಕೂ ಮೂರನೆಯದಕ್ಕೂ ನಡುವಿನ ಅಂತರಕ್ಕೆ ಯಾರೂ ಕ್ಷಮಿಸೋದಿಲ್ಲ. ಟೋನಿಯ ಸಿಟ್ಟೂ ಅಲ್ಲೇ ಇತ್ತು. 1991ರ ರಾತ್ರಿಗೆ ಸ್ಟೀವ್ ಕಾರಣ ಅಲ್ಲ, ಅವನು ಆಗ ಹಿಮದಡಿ ಇದ್ದ. ತಿಳಿದ ದಿನಕ್ಕೂ ಹೇಳಿಸಿಕೊಂಡ ದಿನಕ್ಕೂ ನಡುವೆ ಇದ್ದ ಎರಡು ವರ್ಷಕ್ಕೆ ಅವನೇ ಕಾರಣ.

ಕರ್ಣನ ವಿಷಯದಲ್ಲೂ ಹೀಗೇ ಆಯಿತಲ್ಲ. ಕೃಷ್ಣನಿಗೆ ಗೊತ್ತಿತ್ತು. ಕುಂತಿಗೆ ಗೊತ್ತಿತ್ತು. ಯುದ್ಧಕ್ಕೆ ಮೊದಲು ಕರ್ಣನಿಗೂ ಹೇಳಿದರು. ಪಾಂಡವರಿಗೆ ಮಾತ್ರ ಎಲ್ಲ ಮುಗಿದ ಮೇಲೆ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲದೇ ಹೋಗಲಿ ಅಂತ ಧರ್ಮರಾಯ ಶಪಿಸಿಬಿಟ್ಟ. ಒಬ್ಬ ತಾಯಿಯ ಮೇಲಿನ ಸಿಟ್ಟಿಗೆ ಇಡೀ ಹೆಣ್ಣುಕುಲಕ್ಕೆ ಶಾಪ ಹಾಕಿದ್ದು ಅನ್ಯಾಯ, ಆ ಮಾತು ಬೇರೆ. ಆದರೆ ಅವನ ಸಂಕಟ ಅರ್ಥ ಆಗುತ್ತೆ. ಮೊದಲೇ ಗೊತ್ತಿದ್ದರೆ ಅವನಿಗೆ ಮಾಡೋಕೆ ಏನೋ ಇತ್ತು. ಚಾಪೆ ಮೇಲೆ ಕೂತ ನಮಗೆ ಮೊದಲೇ ಗೊತ್ತಿದ್ದರೂ ಮಾಡೋಕೆ ಏನೂ ಇರಲಿಲ್ಲ.

ಸಿನಿಮಾಕ್ಕೂ ಬದುಕಿಗೂ ಇರೋ ವ್ಯತ್ಯಾಸ ಇಷ್ಟೇ ಅನ್ಸುತ್ತೆ. ಫ್ಯೂರಿಯ ಕಣ್ಣಿನ ಕತೆಯನ್ನು ಐದು ವರ್ಷ ಮುಚ್ಚಿಟ್ಟರೆ ನನಗೆ ಏನೂ ನಷ್ಟ ಇಲ್ಲ, ಅಲ್ಲಿ ನಾನು ಮಾಡಬೇಕಾದ್ದು ಏನೂ ಇಲ್ಲ. ಅಲ್ಲದೆ, ಹೇಳಬೇಡಿ ಅಂತ ನಾನೇ ಕೇಳಿಕೊಂಡಿದ್ದೇನೆ, ಹೆಡ್‌ಫೋನ್ ಹಾಕಿಕೊಂಡು ಓಡಾಡಿದ್ದೇನೆ. ಕಾಯೋದಕ್ಕೆ ಒಪ್ಪಿ ಕೂತವನಿಗೆ ತಡವಾಗಿ ಹೇಳೋದು ಉಡುಗೊರೆ. ಕಾಯ್ತಾ ಇದ್ದೇನೆ ಅಂತಲೇ ಗೊತ್ತಿಲ್ಲದವನಿಗೆ ತಡವಾಗಿ ಹೇಳಿದರೆ, ಅವನ ಪಾಲಿನ ಕೆಲಸವನ್ನು ಅವನ ಕೈಯಿಂದ ಕಿತ್ತುಕೊಂಡ ಹಾಗೆ. ನಾನು ಅಜ್ಜಿಗೆ ಹೆಗಲು ಕೊಡಬೇಕಿತ್ತು. ಪರೀಕ್ಷೆ ಆರು ತಿಂಗಳಿಗೆ ಮತ್ತೆ ಬರ್ತಿತ್ತು.

ಹಾಗಂತ ಎಲ್ಲವನ್ನೂ ತಕ್ಷಣ, ಎಲ್ಲರಿಗೂ ಹೇಳಿಬಿಡಬೇಕು ಅಂತಲೂ ಅಲ್ಲ. ಗಾಡಿ ಓಡಿಸ್ತಾ ಇರೋವನಿಗೆ ಫೋನಲ್ಲಿ ಕೆಟ್ಟ ಸುದ್ದಿ ಹೇಳೋದಿಲ್ಲ, ಮನೆ ತಲುಪಲಿ ಅಂತೀವಿ. ಹದಿಮೂರರ ಹುಡುಗನಿಗೆ ಕೆಲವು ವಿಷಯ ಹದಿನೆಂಟಕ್ಕೆ ಹೇಳೋಣ ಅಂತೀವಿ. ಗೆರೆ ಎಲ್ಲಿ? ನನಗೆ ಸಿಕ್ಕ ಒಂದು ಸಣ್ಣ ಪರೀಕ್ಷೆ: ಅವರು ನೇರವಾಗಿ ಕೇಳಿದಾಗ ಸುಳ್ಳು ಹೇಳಬೇಕಾಗುತ್ತಾ? "ಆಮೇಲೆ ಹೇಳ್ತೀನಿ" ಅನ್ನೋಕೆ ಆದರೆ ಅದು ಕ್ರಮ. "ಮಲಗಿದಾಳೆ" ಅನ್ನಬೇಕಾಗಿ ಬಂದರೆ ಅದು ಮುಚ್ಚಿಡೋದು.

ಇಷ್ಟೆಲ್ಲ ಅಡುಗೆಮನೆಯಲ್ಲೇ ಹೊಳೀತು ಅಂತ ಅಂದುಕೊಳ್ಳಬೇಡಿ. ಅಲ್ಲಿ ನಿಂತಾಗ ಇದ್ದಿದ್ದು ಅಪ್ಪನ ಮೇಲಿನ ಹಳೇ ಸಿಟ್ಟು ಮಾತ್ರ. ವಾಪಸ್ ಬಂದು ಕೂತಾಗ ಸಿನಿಮಾದ ಕೊನೆ ಬಂದಿತ್ತು. ಸ್ಟೀವ್ ಟೋನಿಗೆ ಒಂದು ಪತ್ರ ಕಳಿಸ್ತಾನೆ. ಅದರಲ್ಲಿ ಒಂದು ಕಡೆ ಒಪ್ಪಿಕೊಳ್ತಾನೆ: ಹೇಳದೇ ಇದ್ದದ್ದು ನಿನ್ನನ್ನು ನೋವಿನಿಂದ ಉಳಿಸೋಕೆ ಅಂತ ನಾನು ಅಂದುಕೊಂಡಿದ್ದೆ, ನಿಜಕ್ಕೂ ಉಳಿಸಿಕೊಂಡಿದ್ದು ನನ್ನನ್ನು. ಇದನ್ನೂ ನಾಲ್ಕೈದು ಸಲ ಕೇಳಿದ್ದೆ. ಯಾವತ್ತೂ ಹೀಗೆ ತಗುಲಿರಲಿಲ್ಲ.

ಯಾಕಂದ್ರೆ, ಹೋದ ವರ್ಷ ನನ್ನ ಕೆಲಸ ಹೋಗಿತ್ತು. ಹತ್ತು ನಿಮಿಷದ ಒಂದು ವಿಡಿಯೋ ಕಾಲ್, ಸಂಜೆಗೆ ಲಾಗಿನ್ ಬಂದ್. ಮತ್ತೊಂದು ಕೆಲಸ ಸಿಗೋಕೆ ನಾಲ್ಕು ತಿಂಗಳು ಹಿಡೀತು. ಆ ನಾಲ್ಕು ತಿಂಗಳೂ ಊರಿಗೆ ಫೋನ್ ಮಾಡಿ "ಕೆಲಸ ಜಾಸ್ತಿ ಅಮ್ಮ, ಹಬ್ಬಕ್ಕೆ ಬರೋಕಾಗಲ್ಲ" ಅಂತ ಹೇಳಿದ್ದೆ. ಅಮ್ಮನಿಗೆ ಬಿಪಿ, ಅಪ್ಪನಿಗೆ ವಯಸ್ಸಾಯಿತು, ಯಾಕೆ ಸುಮ್ಮನೆ ಟೆನ್ಶನ್ ಕೊಡೋದು. ಕೆಲಸ ಸಿಕ್ಕಿದ ಮೇಲೂ ಹೇಳಿರಲಿಲ್ಲ. ಮುಗಿದ ಕತೆ ಯಾಕೆ ಅಂತ. ಅವರ ಆರೋಗ್ಯ ಅನ್ನೋದು ಅರ್ಧ ನಿಜ. ಇನ್ನರ್ಧ, ಬಿಇ ಓದಿ ಬೆಂಗಳೂರು ಸೇರಿದ ಮಗ ಅನ್ನೋ ಚಿತ್ರ ಕೆಡದೇ ಇರಲಿ ಅನ್ನೋದು. ಕಾಪಾಡಿದ್ದು ಯಾರನ್ನು, ಹೇಳಿ. ನನ್ನ ಪರೀಕ್ಷೆಯಲ್ಲಿ ನಾನೇ ಫೇಲು. ಅಪ್ಪನಾದರೂ ಎಂಟು ದಿನ ಮುಚ್ಚಿಟ್ಟರು, ಅದೂ ನನಗೋಸ್ಕರ.

ಮಾರನೇ ದಿನ ಮಧ್ಯಾಹ್ನ ಊರಿಗೆ ಫೋನ್ ಮಾಡಿ ಹೇಳಿದೆ. ದೊಡ್ಡ ಸಿದ್ಧತೆ ಏನೂ ಮಾಡಲಿಲ್ಲ, ನಾಲ್ಕು ಮಾತಲ್ಲಿ ಹೇಳಿದೆ. ಅಮ್ಮ ಬೈತಾಳೆ ಅಂದುಕೊಂಡಿದ್ದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಷ್ಟು ದಿನ ಒಬ್ನೇ ಇಟ್ಕೊಂಡಿದ್ಯಾ?" ಅಂದಳು. ಅಪ್ಪನಿಗೆ ಫೋನ್ ಕೊಟ್ಟಳು. ಅಪ್ಪ "ಹೇಳ್ಬೇಕಿತ್ತಪ್ಪ" ಅಂದರು. ನನ್ನ ಬಾಯಿಗೆ ಆ ಎಂಟು ದಿನ ಬಂತು. ನುಂಗಿಕೊಳ್ಳಲಿಲ್ಲ, ಈ ಸಲ ಕೇಳಿದೆ. ಅಪ್ಪ ತುಂಬಾ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಗ ಸರಿ ಅನ್ಸಿತ್ತು. ದಿನಾ ಫೋನ್ ಇಟ್ಟ ಮೇಲೆ ನಂಗೆ ನಿದ್ದೆ ಬರ್ತಿರ್ಲಿಲ್ಲ" ಅಂದರು. ಹದಿನೈದು ವರ್ಷ ಆದ ಮೇಲೆ ನಾನು ಆ ರಾತ್ರಿಗಳನ್ನು ಫೋನಿನ ಆ ಕಡೆಯಿಂದ ನೋಡಿದೆ.

ಸಿಟ್ಟು ಪೂರ್ತಿ ಹೋಯಿತು ಅಂತ ಹೇಳೋಲ್ಲ. ಅಪ್ಪ ಮಾಡಿದ್ದು ಸರಿ ಅಂತ ಇವತ್ತೂ ಅನ್ಸೋದಿಲ್ಲ. ಆದರೆ ಮನುಷ್ಯರನ್ನು ನಾವು ನೋಡೋದೇ ಬಿಡುಗಡೆ ಕ್ರಮದಲ್ಲಿ. ಅಪ್ಪ ನನಗೆ ಸಿಕ್ಕಿದ್ದು ನಡು ವಯಸ್ಸಿನ ಗಂಭೀರ ಅಪ್ಪನಾಗಿ, ಕಣ್ಣಿಗೆ ಪಟ್ಟಿ ಕಟ್ಟಿದ ಫ್ಯೂರಿ ಥರ. ಅದಕ್ಕೆ ಮೊದಲಿನದು ಏನೂ ನನಗೆ ಗೊತ್ತಿಲ್ಲ. ಅವರ ಕಾಲಾನುಕ್ರಮ ಅವರ ಹತ್ತಿರ ಮಾತ್ರ ಇದೆ. ಕೇಳಿದರೆ ಸಿಗುತ್ತೆ, ಕೇಳದಿದ್ದರೆ ಇಲ್ಲ.

ಇನ್ನು, ಹುಡುಗ ಕೇಳಿದ ಪ್ರಶ್ನೆಗೆ ನನ್ನ ಉತ್ತರ. ಮೊದಲ ಸಲ ಬಿಡುಗಡೆ ಕ್ರಮದಲ್ಲೇ ನೋಡಿ. ಮಾಡಿದವರು ನಿಮಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ ಅಂತ ಲೆಕ್ಕ ಹಾಕಿ ಕಟ್ಟಿದ್ದು ಹಾಗೆ. ಇಷ್ಟ ಆದರೆ ಇನ್ನೊಂದು ರಜೆಗೆ ಕಾಲಾನುಕ್ರಮದಲ್ಲಿ ನೋಡಿ, ಬೆಕ್ಕಿನಿಂದ ಶುರು ಮಾಡಿ ಫ್ಯೂರಿಯನ್ನು ನೋಡೋದರಲ್ಲಿ ಬೇರೆಯದೇ ಮಜಾ ಇದೆ. ಬೇರೆಯವರಿಗೆ ತೋರಿಸುವಾಗ ಎರಡೂ ದಾರಿ ಹೇಳಿ, ಆಯ್ಕೆ ಅವರಿಗೆ ಬಿಡಿ. ಈ ಲೇಖನದ ಶುರುವಿನಲ್ಲಿ ನಿಮ್ಮನ್ನು ನಿಲ್ಲಿಸಿ ಹೇಳಿದ್ದೂ ಅದಕ್ಕೇ.

ರಜೆ ಮುಗಿಯೋಕೆ ಎರಡು ದಿನ ಇರುವಾಗ 'ಎಂಡ್‌ಗೇಮ್' ಮುಗೀತು. ಟೋನಿ ಸಾಯೋದು ಅವನಿಗೆ ಮೊದಲೇ ಗೊತ್ತಿತ್ತು. ಆದರೂ ಅತ್ತ. ನಾನೂ ಅತ್ತೆ, ನನಗೂ ಗೊತ್ತಿತ್ತು.